ಎಂಟು ಬಿಟ್ ಯಂತ್ರಗಳ ಕಾರ್ ರೇಸ್ ಆಟಗಳು: ವೇಗ, ಸ್ಟೀರಿಂಗ್ ಮತ್ತು ರಸ್ತೆ ಬಿಡಿಸುವ ಬಗೆ

ನಾಲ್ಕನೇ_ಗೇರ್:

ಎಲ್ಲರಿಗೂ ನಮಸ್ಕಾರ. 1982ರಿಂದ 1989ರ ನಡುವಿನ ಎಂಟು ಬಿಟ್ ಮನೆ ಕಂಪ್ಯೂಟರ್‌ಗಳ ರೇಸಿಂಗ್ ಆಟಗಳನ್ನು ಒಂದೊಂದಾಗಿ ಆಡಿ ನೋಡಬೇಕೆಂದಿದ್ದೇನೆ. ನಮ್ಮ ಕಡೆ ಈ ಬಗೆಯ ನೆನಪು ಬಹುತೇಕ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮಿನ ರೋಡ್ ಫೈಟರ್‌ಗೇ ನಿಂತುಬಿಡುತ್ತದೆ. ಸ್ಪೆಕ್ಟ್ರಮ್, ಕಮೋಡೋರ್ 64, ಬಿಬಿಸಿ ಮೈಕ್ರೋಗಳಲ್ಲಿ ಕ್ಯಾಸೆಟ್ಟಿನಿಂದ ಲೋಡ್ ಆಗುತ್ತಿದ್ದ ಆಟಗಳ ಬಗ್ಗೆ ಕನ್ನಡದಲ್ಲಿ ಮಾತು ಕಡಿಮೆ.

ಆ ಯಂತ್ರಗಳನ್ನು ಇವತ್ತಿನ ಕಂಪ್ಯೂಟರಿನಲ್ಲಿ ಅನುಕರಿಸುವ ಮೂರು ಎಮ್ಯುಲೇಟರ್ (ಸ್ಪೆಕ್ಟ್ರಮ್‌ಗೆ ಫ್ಯೂಸ್, ಕಮೋಡೋರ್‌ಗೆ ವೈಸ್, ಬಿಬಿಸಿಗೆ ಬೀಬ್‌ಎಮ್) ಹಾಕಿಕೊಂಡಿದ್ದೇನೆ. ಮೂರು ಕಡೆ ದಾರಿ ಕಾಣುತ್ತಿಲ್ಲ.

ಮೊದಲನೆಯದು ವೇಗ. ವೈಸ್‌ನಲ್ಲಿ ಕೆಲವು ಆಟ ಅತಿ ಚುರುಕು, ಕೆಲವು ಮಂದ. ರಸ್ತೆಯ ಪಟ್ಟೆಗಳು ಸರಾಗವಾಗಿ ಬರದೆ ಆಗಾಗ ಒಂದು ಕ್ಷಣ ನಿಂತು ಮುಂದೆ ಹೋದಂತೆ ಕಾಣುತ್ತವೆ.

ಎರಡನೆಯದು ಬಿಬಿಸಿಯ ರೆವ್ಸ್ ಎಂಬ ರೇಸ್ ಆಟ. ಕೀಬೋರ್ಡ್ ಹಿಡಿದು ಆಡಿದರೆ ಮೊದಲ ತಿರುವಿನಲ್ಲೇ ಕಾರು ಗಿರಗಿರ ತಿರುಗಿ ಹುಲ್ಲಿಗೆ ಬೀಳುತ್ತದೆ.

ಮೂರನೆಯದು, 48ಕೆ (48 ಕಿಲೋಬೈಟ್ ಮೆಮೊರಿಯ) ಸ್ಪೆಕ್ಟ್ರಮ್‌ಗೆ ಅದರ ಝಡ್80 ಪ್ರೊಸೆಸರಿನ ಅಸೆಂಬ್ಲಿ ಭಾಷೆಯಲ್ಲಿ ಒಂದು ಚಿಕ್ಕ ರಸ್ತೆ ಬರೆಯುತ್ತಿದ್ದೇನೆ. ಬೈಟುಗಳನ್ನು ಒಂದೊಂದಾಗಿ ನಕಲು ಮಾಡುವ ಎಲ್‌ಡಿಐಆರ್ ಆದೇಶ ಬಳಸಿದರೆ ತೀರಾ ನಿಧಾನ. ಒಮ್ಮೆಗೆ ಎರಡು ಬೈಟ್ ಬರೆಯುವ ಪುಶ್ ಬಳಸಿದರೆ ವೇಗ ಬರುತ್ತದೆ, ಆದರೆ ಪರದೆಯ ಬಲ ಅಂಚಿನಲ್ಲಿ ಎಲ್ಲಿಂದಲೋ ಚುಕ್ಕೆಗಳು ಮೂಡುತ್ತವೆ. ದಿಗಂತದ ಹತ್ತಿರ ಪಟ್ಟೆಗಳು ಕಣ್ಣು ಕುಕ್ಕುವಂತೆ ಮಿಣುಕುತ್ತವೆ.

ಯಾವ ಆಟದಿಂದ ಶುರು ಮಾಡಬೇಕು ಅನ್ನುವುದನ್ನೂ ಹೇಳಿ.

---

ಕ್ಯಾಸೆಟ್_ಬದಿ_ಬಿ:

ನಮಸ್ಕಾರ. ವೇಗದ ವಿಷಯವನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಅದು ಸರಿಯಾಗುವವರೆಗೆ ಯಾವ ಆಟದ ಮೇಲೂ ತೀರ್ಪು ಕೊಡಬೇಡಿ.

ಕಮೋಡೋರ್ 64 ಟಿವಿ ಪದ್ಧತಿಗೆ ತಕ್ಕಂತೆ ಎರಡು ಬಗೆಯಲ್ಲಿ ಬಂತು. ಯುರೋಪಿನ ಪಾಲ್ ಯಂತ್ರದಲ್ಲಿ ಒಂದು ಫ್ರೇಮಿಗೆ (ಪರದೆಯ ಒಂದು ಪೂರ್ತಿ ಚಿತ್ರಕ್ಕೆ) 312 ಗೆರೆ, ಗೆರೆಗೆ 63 ಸೈಕಲ್ (ಪ್ರೊಸೆಸರ್ ಗಡಿಯಾರದ ಮಿಡಿತ), ಒಟ್ಟು 19,656 ಸೈಕಲ್. ಸೆಕೆಂಡಿಗೆ ಸುಮಾರು 50.12 ಫ್ರೇಮ್. ಅಮೆರಿಕದ ಎನ್‌ಟಿಎಸ್‌ಸಿ ಯಂತ್ರದಲ್ಲಿ 263 ಗೆರೆ, ಗೆರೆಗೆ 65 ಸೈಕಲ್, ಒಟ್ಟು 17,095; ಸೆಕೆಂಡಿಗೆ ಸುಮಾರು 59.83 ಫ್ರೇಮ್. ಆಟದ ಗಡಿಯಾರ ಫ್ರೇಮಿಗೆ ಕಟ್ಟಿಕೊಂಡಿದ್ದರೆ, ಪಾಲ್‌ಗೆ ಬರೆದ ಆಟ ಎನ್‌ಟಿಎಸ್‌ಸಿಯಲ್ಲಿ ಶೇ. 19ರಷ್ಟು ಹೆಚ್ಚು ವೇಗವಾಗಿ ಓಡುತ್ತದೆ. ಜೊತೆಗೆ ಪ್ರತಿ ಫ್ರೇಮಿಗೆ ಸಿಗುವ ಸೈಕಲ್ ಕಡಿಮೆ ಆಗುವುದರಿಂದ ಆಕಾಶ ಮತ್ತು ರಸ್ತೆ ಕೂಡುವ ಕಡೆ ಗೆರೆ ಹರಿದಂತೆ ಕಾಣಬಹುದು. ಅಮೆರಿಕದ ಆಟವನ್ನು ಪಾಲ್‌ನಲ್ಲಿ ಆಡಿದರೆ ಇದರ ತಿರುಗುಮುರುಗು: ಎಲ್ಲ ಮಂದ.

ವೈಸ್‌ನಲ್ಲಿ ಎಕ್ಸ್64ಎಸ್‌ಸಿ ಅನ್ನುವ ಪ್ರೋಗ್ರಾಂ ಬಳಸಿ, ಮಾಡೆಲ್ ಸೆಟ್ಟಿಂಗ್‌ನಲ್ಲಿ ಆಟಕ್ಕೆ ತಕ್ಕ ಯಂತ್ರ ಆರಿಸಿ. ಆಟ ಯಾವ ದೇಶದ್ದು ಎಂದು ನೋಡಿದರೆ ಬಹುಪಾಲು ಉತ್ತರ ಸಿಕ್ಕಿಬಿಡುತ್ತದೆ. ಎಪಿಕ್ಸ್ ಕಂಪನಿಯ ಪಿಟ್‌ಸ್ಟಾಪ್ 2 ಅಮೆರಿಕದ್ದು, ಎನ್‌ಟಿಎಸ್‌ಸಿಯಲ್ಲಿ ಆಡಿ. ಬಗ್ಗಿ ಬಾಯ್, ರೆವ್ಸ್, ಸ್ಟಂಟ್ ಕಾರ್ ರೇಸರ್ ಬ್ರಿಟನ್ನಿನವು, ಪಾಲ್‌ನಲ್ಲಿ ಆಡಿ. ಇನ್ನೊಂದು, ಲೋಡ್ ಆಗುವಾಗ ಆಲ್ಟ್ ಮತ್ತು ಡಬ್ಲ್ಯೂ ಒತ್ತಿ ವಾರ್ಪ್ (ಯಂತ್ರವನ್ನು ಮಿತಿಯಿಲ್ಲದ ವೇಗದಲ್ಲಿ ಓಡಿಸುವುದು) ಹಾಕಿದ್ದರೆ ಆಟ ಶುರುವಾಗುವ ಮೊದಲು ತೆಗೆಯಿರಿ. ಅದು ಹಾಗೇ ಉಳಿದಿದ್ದರೆ ಕಾರು ಕಣ್ಣಿಗೇ ಸಿಗುವುದಿಲ್ಲ.

ಪಟ್ಟೆ ನಿಂತು ನಿಂತು ಹೋಗುವುದು ಎಮ್ಯುಲೇಟರ್ ದೋಷವಲ್ಲ. ನಿಮ್ಮ ಮಾನಿಟರ್ 60 ಹರ್ಟ್ಸ್, ಯಂತ್ರ 50 ಹರ್ಟ್ಸ್. ಐದು ಫ್ರೇಮಿಗೊಮ್ಮೆ ಒಂದು ಚಿತ್ರ ಎರಡು ಸಲ ಕಾಣಬೇಕಾಗುತ್ತದೆ, ಅಂದರೆ ಸೆಕೆಂಡಿಗೆ ಹತ್ತು ಸಲ ಮುಗ್ಗರಿಕೆ. ಬೇರೆ ಆಟದಲ್ಲಿ ಗಮನಕ್ಕೆ ಬರುವುದಿಲ್ಲ. ರೇಸಿನಲ್ಲಿ ರಸ್ತೆಯ ಪಟ್ಟೆಯೇ ಅದನ್ನು ತೋರಿಸಿಕೊಡುತ್ತದೆ. ಮಾನಿಟರನ್ನು 50 ಅಥವಾ 100 ಹರ್ಟ್ಸ್‌ಗೆ ಇಟ್ಟು, ಎಮ್ಯುಲೇಟರ್‌ನಲ್ಲಿ ವಿಸಿಂಕ್ (ಚಿತ್ರವನ್ನು ಮಾನಿಟರಿನ ತಾಳಕ್ಕೆ ಹೊಂದಿಸುವುದು) ಹಾಕಿ. ನಮ್ಮ ದೇಶದ ಟಿವಿಗಳು ಮೊದಲಿನಿಂದಲೂ 50 ಹರ್ಟ್ಸ್ ಪಾಲ್ ಆದ್ದರಿಂದ ಎಚ್‌ಡಿಎಂಐನಲ್ಲಿ ಟಿವಿಗೆ ಕೊಟ್ಟರೆ 50 ಹರ್ಟ್ಸ್ ಸಾಮಾನ್ಯವಾಗಿ ತಕರಾರಿಲ್ಲದೆ ಸಿಗುತ್ತದೆ. ಟಿವಿಯಲ್ಲಿ ಗೇಮ್ ಮೋಡ್ ಹಾಕುವುದನ್ನು ಬಿಡಬೇಡಿ. ಇಲ್ಲದಿದ್ದರೆ ಟಿವಿ ಚಿತ್ರವನ್ನು ತಿದ್ದುತ್ತಾ ಕೂರುತ್ತದೆ, ಸ್ಟೀರಿಂಗ್ ತಡವಾಗುತ್ತದೆ.

ಫ್ಯೂಸ್‌ನಲ್ಲಿ ಎಮ್ಯುಲೇಶನ್ ವೇಗ ನೂರು ಶೇಕಡಾ ಇದೆಯೇ ನೋಡಿ. ಲೋಡ್ ಮಾಡಲು ಜೆ ಕೀಲಿ, ಆಮೇಲೆ ಕಂಟ್ರೋಲ್ ಹಿಡಿದು ಪಿ ಎರಡು ಸಲ, ಎಂಟರ್. 128ಕೆ ಯಂತ್ರ ಆರಿಸಿದ್ದರೆ ಮೆನುವಿನಲ್ಲಿ ಟೇಪ್ ಲೋಡರ್ ಸಾಕು. ಹಳೆಯ 48ಕೆ ಆಟಗಳಿಗೆ 48ಕೆ ಯಂತ್ರವನ್ನೇ ಆರಿಸುವುದು ಸುರಕ್ಷಿತ.

ಇನ್ನು ಕ್ರಮ. ಸಿಯಾನ್ ಕಂಪನಿಯ ಚೆಕರ್ಡ್ ಫ್ಲ್ಯಾಗ್ (1983, 48ಕೆ ಸ್ಪೆಕ್ಟ್ರಮ್) ನಿಂದ ಶುರು ಮಾಡಿ. ಮುಂದೆ ಆರ್ಗನೈಸರ್ ಕೈಗಣಕಗಳನ್ನು ಮಾಡಿದ ಸಿಯಾನ್ ಇದೇ. ಆಟದಲ್ಲಿ ಎದುರಾಳಿ ಕಾರು ಒಂದೂ ಇಲ್ಲ. ಸಿಲ್ವರ್‌ಸ್ಟೋನ್, ಮೊಂಜಾ, ಮಾಂಟೆ ಕಾರ್ಲೊ ಮುಂತಾದ ನಿಜವಾದ ಟ್ರ್ಯಾಕುಗಳು, ಕೆಲವು ಕಲ್ಪಿತ ಟ್ರ್ಯಾಕುಗಳು, ಒಟ್ಟು ಹತ್ತು. ರಸ್ತೆಯ ಮೇಲೆ ಎಣ್ಣೆ, ನೀರು, ಗಾಜಿನ ಚೂರು. ಮೂರು ಕಾರುಗಳಲ್ಲಿ ಪೆಗಾಸಸ್ ಮಾತ್ರ ಆಟೊಮ್ಯಾಟಿಕ್. ಅದರಲ್ಲಿ ಟ್ರ್ಯಾಕ್ ಕಲಿತು, ಆಮೇಲೆ ಗೇರ್ ಇರುವ ಕಾರಿಗೆ ಹೋಗಿ. ಎದುರಾಳಿ ಇಲ್ಲ ಅನ್ನುವುದು ಕೊರತೆಯಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ತಿರುವಿಗೆ ಎಷ್ಟು ಮೊದಲು ಬ್ರೇಕ್ ಹಿಡಿಯಬೇಕು ಅನ್ನುವುದೊಂದನ್ನೇ ಅದು ಕಲಿಸುತ್ತದೆ, ಚೆನ್ನಾಗಿ ಕಲಿಸುತ್ತದೆ.

ಆಮೇಲೆ ಪೋಲ್ ಪೊಸಿಷನ್. ನ್ಯಾಮ್ಕೊದ 1982ರ ಆರ್ಕೇಡ್ ಆಟ, ಜಪಾನಿನ ಫೂಜಿ ಸ್ಪೀಡ್‌ವೇ. ಮುಂದೆ ಬಂದ ಹಿಂಬದಿ ನೋಟದ ರೇಸ್ ಆಟಗಳಿಗೆಲ್ಲ ಮಾದರಿ ಇದು. ಅಟಾರಿ ಎಂಟು ಬಿಟ್ ಯಂತ್ರದ್ದನ್ನು ಹುಡುಕಿ ಆಡಿ. ಮೈಕ್ರೋಮೆಗಾದ ಫುಲ್ ಥ್ರಾಟಲ್ (1984, ಸ್ಪೆಕ್ಟ್ರಮ್) ಬೈಕ್ ರೇಸು. ಗುಂಪಿನ ನಡುವೆ ನುಗ್ಗುವ ಅನುಭವ ಅಷ್ಟು ಚಿಕ್ಕ ಯಂತ್ರದಲ್ಲಿ ಹೇಗೆ ಸಾಧ್ಯ ಎಂದು ನೋಡಬೇಕಾದರೆ ಇದೇ ಉದಾಹರಣೆ. ಪಿಟ್‌ಸ್ಟಾಪ್ 2 (1984) ಇಬ್ಬರು ಕೂತು ಆಡಲೇಬೇಕಾದದ್ದು. ಪರದೆ ಅಡ್ಡಕ್ಕೆ ಎರಡಾಗಿ ಒಡೆದು ಮೇಲೊಬ್ಬರು, ಕೆಳಗೊಬ್ಬರು. ಟೈರ್ ಸವೆದಂತೆ ಅದರ ಬಣ್ಣ ಬದಲಾಗುತ್ತದೆ. ಇನ್ನೊಂದು ಕಾರಿಗೋ ರಸ್ತೆಯ ಅಂಚಿಗೋ ತಾಗಿಸಿದಷ್ಟೂ ಬೇಗ ಸವೆಯುತ್ತದೆ. ಮೂರು ಸುತ್ತಿನ ರೇಸಿಗಿಂತ ಆರು ಸುತ್ತಿನದು ಆರಿಸಿ. ಪಿಟ್‌ಗೆ ಯಾವಾಗ ಹೋಗಬೇಕು ಎಂಬ ಲೆಕ್ಕಾಚಾರ ಶುರುವಾಗುವುದು ಅಲ್ಲಿಂದ.

1987ರ ಎಂಡ್ಯೂರೋ ರೇಸರ್ ಸ್ಪೆಕ್ಟ್ರಮ್‌ನಲ್ಲಿ ಆಡಿ, ಕಮೋಡೋರ್‌ನಲ್ಲಿ ಬೇಡ. ಪೊಲೀಸ್ ಕಾರಿನಲ್ಲಿ ಆರೋಪಿಯನ್ನು ಬೆನ್ನಟ್ಟಿ ಗುದ್ದುವ ಚೇಸ್ ಎಚ್‌ಕ್ಯೂ (1989, ಓಷನ್) 128ಕೆ ಸ್ಪೆಕ್ಟ್ರಮ್‌ನಲ್ಲೇ ಲೋಡ್ ಮಾಡಿ, ಸಂಗೀತ ಮತ್ತು ಮಾತಿನ ದನಿ ಅದರಲ್ಲಿದೆ. ಮೂರು ಟರ್ಬೊ (ಸ್ವಲ್ಪ ಹೊತ್ತಿನ ಹೆಚ್ಚುವರಿ ವೇಗ) ಇರುತ್ತದೆ. ಆರೋಪಿಯ ಕಾರು ಕಣ್ಣಿಗೆ ಬೀಳುವ ಮೊದಲೇ ಮೂರನ್ನೂ ಮುಗಿಸಿದರೆ ಗುದ್ದುವ ಹೊತ್ತಿಗೆ ವೇಗ ಸಾಲುವುದಿಲ್ಲ. ಕೊನೆಗೆ ಅದೇ 1989ರ ಸ್ಟಂಟ್ ಕಾರ್ ರೇಸರ್, ಕಮೋಡೋರ್ 64ರಲ್ಲಿ. ಎತ್ತರದ ಟ್ರ್ಯಾಕ್, ನಡುವೆ ಕಂದಕ, ಪೂರ್ತಿ ಗೆರೆ ಮತ್ತು ಬಣ್ಣ ತುಂಬಿದ ಮೇಲ್ಮೈಗಳ ಮೂರು ಆಯಾಮದ ಚಿತ್ರ, ಅದೂ ಒಂದು ಮೆಗಾಹರ್ಟ್ಸ್ ಪ್ರೊಸೆಸರ್‌ನಲ್ಲಿ. ಲಿಟಲ್ ರ್‍ಯಾಂಪ್ ಮತ್ತು ಸ್ಟೆಪಿಂಗ್ ಸ್ಟೋನ್ಸ್ ಕೆಳಗಿನ ಡಿವಿಷನ್ನಿನ ಟ್ರ್ಯಾಕುಗಳು. ಅವೆರಡರಲ್ಲಿ ಬೂಸ್ಟ್ ಎಲ್ಲಿ ಬಿಡಬೇಕು ಅನ್ನುವುದನ್ನು ಕಲಿಯಿರಿ. ಹೆಚ್ಚು ವೇಗದಲ್ಲಿ ಹಾರಿದರೆ ಇಳಿಯುವಾಗಿನ ಪೆಟ್ಟಿಗೆ ಮೇಲಿನ ಅಡ್ಡಪಟ್ಟಿಯ ಬಿರುಕು ಉದ್ದವಾಗುತ್ತಾ ಹೋಗುತ್ತದೆ. ಅದು ಆಚೆ ತುದಿ ಮುಟ್ಟಿದರೆ ಕಾರು ಮುಗಿದಂತೆ.

ರೆವ್ಸ್ ಬಗ್ಗೆ ಬೇರೆಯವರು ಬರೆಯುತ್ತಾರೆ. ಅದು ಎರಡು ಸಾಲಿನಲ್ಲಿ ಮುಗಿಯುವ ಆಟವಲ್ಲ.

---

ವುಡ್‌ಕೋಟ್:

ರೆವ್ಸ್ ನನ್ನ ಮಟ್ಟಿಗೆ ಆ ದಶಕದ ಅತ್ಯುತ್ತಮ ರೇಸಿಂಗ್ ಪ್ರೋಗ್ರಾಂ. ಬರೆದವರು ಜೆಫ್ ಕ್ರಾಮಂಡ್, ಹೊರತಂದದ್ದು ಏಕಾರ್ನ್‌ಸಾಫ್ಟ್. ಸ್ಟಂಟ್ ಕಾರ್ ರೇಸರ್ ಕೂಡ ಅವರದೇ. ಫಾರ್ಮುಲಾ 3 ಕಾರು, ಸಿಲ್ವರ್‌ಸ್ಟೋನ್ ಟ್ರ್ಯಾಕು. ಕಾರಿನ ವರ್ತನೆಗೆ ಫಾರ್ಮುಲಾ 3 ಚಾಲಕ ಡೇವಿಡ್ ಹಂಟ್ ಅವರ ಸಲಹೆ ಇತ್ತು. ಟ್ರ್ಯಾಕಿನ ಏರಿಳಿತ ಕೂಡ ಲೆಕ್ಕದಲ್ಲಿದೆ, ಗುಡ್ಡದ ಆಚೆಯ ರಸ್ತೆ ನಿಜವಾಗಿಯೂ ಮರೆಯಾಗುತ್ತದೆ.

ಬಿಬಿಸಿ ಮೈಕ್ರೋ ನಮಗೆ ಪೂರ್ತಿ ಪರಕೀಯವೂ ಅಲ್ಲ. 1984ರಲ್ಲಿ ಶುರುವಾದ, ಕಂಪ್ಯೂಟರ್ ಕಲಿಸುವ ಕ್ಲಾಸ್ ಎಂಬ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದನ್ನು ಯೂನಿಕಾರ್ನ್ ಎಂಬ ಹೆಸರಿನಲ್ಲಿ ಇಲ್ಲಿ ತಯಾರಿಸಿತು.

ಕೀಲಿಗಳು: ಎಡಕ್ಕೆ ಎಲ್, ಬಲಕ್ಕೆ ಅದರ ಪಕ್ಕದ ಅರ್ಧವಿರಾಮದ ಕೀಲಿ, ಆಕ್ಸಿಲರೇಟರ್ ಎಸ್, ಬ್ರೇಕ್ ಎ, ಮೇಲಿನ ಗೇರ್ ಕ್ಯೂ, ಕೆಳಗಿನ ಗೇರ್ ಟ್ಯಾಬ್, ಎಂಜಿನ್ ಸ್ಟಾರ್ಟ್ ಟಿ. ಸ್ಪೇಸ್ ಹಿಡಿದುಕೊಂಡು ತಿರುಗಿಸಿದರೆ ಸ್ಟೀರಿಂಗ್ ಜೋರಾಗಿ ತಿರುಗುತ್ತದೆ. ಬೀಬ್‌ಎಮ್‌ನಲ್ಲಿ ಕೀಬೋರ್ಡ್ ಮ್ಯಾಪಿಂಗ್ ಅಕ್ಷರಕ್ಕೆ ತಕ್ಕಂತೆ ಇರುವುದು ಬೇಡ, ಕೀಲಿಯ ಜಾಗಕ್ಕೆ ತಕ್ಕಂತೆ ಇರಲಿ. ಡಿಸ್ಕ್ ಹಾಕಿ ಶಿಫ್ಟ್ ಹಿಡಿದು ಬ್ರೇಕ್ ಕೀಲಿ ಒತ್ತಿದರೆ ಆಟ ಶುರು. ಬ್ರೇಕ್ ಅಂದರೆ ನಿಮ್ಮ ಕೀಬೋರ್ಡಿನ ಎಫ್12.

ಒಂದು ಪರೀಕ್ಷೆ ಮೊದಲು ಮಾಡಿ. ಎಸ್, ಎಲ್, ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ನಿಮ್ಮ ಕೀಬೋರ್ಡ್ ಮೂರನ್ನೂ ಕಳಿಸುತ್ತದೆಯೇ? ಅಗ್ಗದ ಕೀಬೋರ್ಡುಗಳಲ್ಲಿ ಕೆಲವು ಮೂರು ಕೀಲಿಗಳ ಜೋಡಣೆಯಲ್ಲಿ ಒಂದು ನುಂಗಿ ಹೋಗುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಕಡಿದುಹೋದರೆ ಭಾರ ಮುಂದಕ್ಕೆ ಬಂದು ಹಿಂಬದಿ ಜಾರುತ್ತದೆ. ತಪ್ಪು ನಿಮ್ಮದೆಂದು ಅನಿಸುತ್ತದೆ, ಆದರೆ ಕೀಬೋರ್ಡಿನದು.

ಆಮೇಲೆ ಚಾಲನೆ. ಸ್ಪಿನ್ ಆಗುವುದಕ್ಕೆ ಮುಖ್ಯ ಕಾರಣ ಬ್ರೇಕ್ ಹಿಡಿದುಕೊಂಡೇ ತಿರುಗಿಸುವುದು. ಪಿಟ್ ದಾಟಿದ ಮೇಲೆ ಬರುವ ಮೊದಲ ತಿರುವು ಕಾಪ್ಸ್, ಬಲಕ್ಕೆ. ಕಾರು ನೇರ ಇರುವಾಗಲೇ ಬ್ರೇಕ್ ಮುಗಿಸಿ, ಗೇರ್ ಇಳಿಸಿ, ಬ್ರೇಕ್ ಬಿಟ್ಟ ಮೇಲೆ ಸ್ಟೀರಿಂಗ್ ಮುಟ್ಟಿ. ಕೀಲಿಯನ್ನು ಒತ್ತಿ ಹಿಡಿಯಬೇಡಿ, ಚಿಕ್ಕ ಚಿಕ್ಕದಾಗಿ ತಟ್ಟಿ. ಮೂತಿ ಒಳಗಿನ ಅಂಚಿಗೆ ತಿರುಗಿದ ಮೇಲೆ ಎಸ್ ಕೂಡ ತಟ್ಟುತ್ತಲೇ ಕೊಡಿ. ಕೆಳಗಿನ ಗೇರಿನಲ್ಲಿ ಪೂರ್ತಿ ಎಸ್ ಹಿಡಿದರೆ ಹಿಂದಿನ ಚಕ್ರ ಸುತ್ತಿ ಹಿಡಿತ ಹೋಗುತ್ತದೆ. ಸ್ಪೇಸ್ ಬೇಕಾಗುವುದು ವುಡ್‌ಕೋಟ್ ಷಿಕೇನ್‌ನಂಥ (ಎಡ ಬಲ ಒಂದರ ಹಿಂದೊಂದು ಬರುವ ಬಿಗಿ ತಿರುವು) ಕಡೆ, ಅಥವಾ ಜಾರುವ ಕಾರನ್ನು ಹಿಡಿಯುವಾಗ. ಉಳಿದ ಕಡೆ ಅದನ್ನು ಬಿಟ್ಟಿರಿ.

ರೆಕ್ಕೆಗಳ ಸೆಟ್ಟಿಂಗ್ 0ಯಿಂದ 40ರವರೆಗೆ, ಮುಂದಿನದು ಹಿಂದಿನದು ಬೇರೆ ಬೇರೆ. ಕಲಿಯುವವರು ಹಿಂದಿನದನ್ನು ಮುಂದಿನದಕ್ಕಿಂತ ಹೆಚ್ಚು ಇಡಬೇಕು. ಆಗ ವೇಗದ ತಿರುವಿನಲ್ಲಿ ಹಿಂದಿನ ಟೈರಿಗೆ ಒತ್ತು ಹೆಚ್ಚಿ, ಕಾರು ಸ್ಪಿನ್ ಆಗುವ ಬದಲು ಸ್ವಲ್ಪ ಅಗಲಕ್ಕೆ ಹೋಗುತ್ತದೆ. ಅಗಲಕ್ಕೆ ಹೋದ ಕಾರನ್ನು ಎಸ್ ಬಿಟ್ಟು ಸರಿ ಮಾಡಬಹುದು, ತಿರುಗಿ ನಿಂತದ್ದನ್ನು ಮಾಡಲಾಗದು. ಎರಡೂ ರೆಕ್ಕೆ ಹೆಚ್ಚಿಸಿದರೆ ಹ್ಯಾಂಗರ್ ಸ್ಟ್ರೇಟ್ ಎಂಬ ಉದ್ದನೆಯ ನೇರ ರಸ್ತೆಯಲ್ಲಿ ಗರಿಷ್ಠ ವೇಗ ಕುಸಿಯುತ್ತದೆ. ಆ ನಷ್ಟ ಕಲಿಯುವಾಗ ಲೆಕ್ಕಕ್ಕಿಲ್ಲ.

ಇಷ್ಟಾದರೂ ಕೀಬೋರ್ಡ್ ಈ ಆಟಕ್ಕೆ ಎರಡನೇ ದರ್ಜೆಯ ಸಾಧನ. ಬಿಬಿಸಿಯಲ್ಲಿ ಅನಲಾಗ್ ಜಾಯ್‌ಸ್ಟಿಕ್ ಪೋರ್ಟ್ ಹುಟ್ಟಿನಿಂದಲೇ ಇತ್ತು. ಬೀಬ್‌ಎಮ್‌ನಲ್ಲಿ ಮೌಸನ್ನೇ ಅನಲಾಗ್ ಸ್ಟಿಕ್ ಮಾಡುವ ಆಯ್ಕೆ ಇದೆ, ಗೇಮ್‌ಪ್ಯಾಡ್ ಇದ್ದರೆ ಇನ್ನೂ ಮೇಲು. ಎಮ್ಯುಲೇಟರ್‌ನಲ್ಲಿ ಹಾಕಿದರೆ ಸಾಲದು, ಆಟದೊಳಗೂ ಜಾಯ್‌ಸ್ಟಿಕ್ ಆರಿಸಬೇಕು. ಬ್ರಾಂಡ್ಸ್ ಹ್ಯಾಚ್, ಡಾನಿಂಗ್ಟನ್, ಔಲ್ಟನ್ ಪಾರ್ಕ್, ಸ್ನೆಟರ್ಟನ್ ಇರುವ ರೆವ್ಸ್ 4 ಟ್ರ್ಯಾಕ್ಸ್ ಆಮೇಲೆ ನೋಡಿ. ಔಲ್ಟನ್ ಪಾರ್ಕಿನ ಏರಿಳಿತದಲ್ಲಿ ಆ ಗಣಿತದ ಸೊಗಸು ಪೂರ್ತಿ ಕಾಣುತ್ತದೆ. ಕಮೋಡೋರ್‌ನ ರೆವ್ಸ್ ಪ್ಲಸ್‌ನಲ್ಲಿ ಸ್ಟೀರಿಂಗಿಗೆ ಕಂಪ್ಯೂಟರ್ ನೆರವೂ ಇದೆ, ಕೀಬೋರ್ಡ್ ಬಿಡಲಾಗದವರಿಗೆ ಅದು ಸರಿ.

ನೀವು ರಸ್ತೆ ಬರೆಯುತ್ತಿರುವುದರಿಂದ ಒಂದು ಸಂಗತಿ ಹೇಳಲೇಬೇಕು. ಬಿಬಿಸಿಯಲ್ಲಿ ಒಟ್ಟು 32ಕೆ ರ್‍ಯಾಮ್, ಸ್ಕ್ರೀನ್ ಕೂಡ ಅದರೊಳಗೇ. ಜಾಗ ಸಾಲದೆ ಕ್ರಾಮಂಡ್ ಆಕಾಶದ ಭಾಗದ ಸ್ಕ್ರೀನ್ ಮೆಮೊರಿಯಲ್ಲಿ ಪ್ರೋಗ್ರಾಮಿನ ಕೋಡನ್ನೇ ಇಟ್ಟರು. 6522 ಚಿಪ್ಪಿನ ಟೈಮರ್ ಬಳಸಿ ಪರದೆಯ ನಡುವೆ ಪ್ಯಾಲೆಟ್ (ಬಳಸುವ ಬಣ್ಣಗಳ ಪಟ್ಟಿ) ಬದಲಿಸುತ್ತಾರೆ. ಮೇಲಿನ ಭಾಗಕ್ಕೆ ನಾಲ್ಕೂ ಬಣ್ಣ ನೀಲಿ. ಅಲ್ಲಿ ಯಾವ ಬೈಟ್ ಇದ್ದರೂ ಕಾಣುವುದು ನೀಲಿ ಆಕಾಶ ಮಾತ್ರ.

---

ಟಿ_ಸ್ಟೇಟ್:

ರಸ್ತೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಚುಕ್ಕೆಯಿಂದ ಶುರು ಮಾಡೋಣ, ಅದರ ಕಾರಣ ಖಚಿತ.

ನೀವು ಎಸ್‌ಪಿಯನ್ನು (ಪುಶ್ ಎಲ್ಲಿ ಬರೆಯಬೇಕು ಎಂದು ತೋರಿಸುವ ಸ್ಟ್ಯಾಕ್ ಪಾಯಿಂಟರ್) ಸ್ಕ್ರೀನಿನ ಗೆರೆಯ ಬಲತುದಿಗೆ ಇಟ್ಟು ಪುಶ್ ಮಾಡುತ್ತಾ ಎಡಕ್ಕೆ ಬರುತ್ತೀರಿ. ಆ ನಡುವೆ ಇಂಟರಪ್ಟ್ (ಪ್ರೊಸೆಸರನ್ನು ಫ್ರೇಮಿಗೊಮ್ಮೆ ಬೇರೆ ಕೆಲಸಕ್ಕೆ ಕರೆಯುವ ಸಂಕೇತ) ಬಂದರೆ ಝಡ್80 ಹಿಂತಿರುಗುವ ವಿಳಾಸವನ್ನು ಎಸ್‌ಪಿ ಇದ್ದಲ್ಲೇ, ಅಂದರೆ ನಿಮ್ಮ ಚಿತ್ರದಲ್ಲೇ ಬರೆಯುತ್ತದೆ. ಗೆರೆಯ ಮಧ್ಯದಲ್ಲಿ ಬಂದರೆ ಮುಂದಿನ ಪುಶ್‌ಗಳು ಅದನ್ನು ಅಳಿಸುತ್ತವೆ, ಗೊತ್ತೇ ಆಗುವುದಿಲ್ಲ. ಎಡತುದಿ ಮುಟ್ಟಿದಾಗ ಬಂದರೆ ಅದಕ್ಕಿಂತ ಕೆಳಗಿನ ವಿಳಾಸಕ್ಕೆ ಬೀಳುತ್ತದೆ. ಸ್ಪೆಕ್ಟ್ರಮ್‌ನ ಸ್ಕ್ರೀನ್ ಜೋಡಣೆಯಲ್ಲಿ ಆ ವಿಳಾಸ ಎಂಟು ಗೆರೆ ಮೇಲಿನ ಸಾಲಿನ ಬಲತುದಿ. ಮೇಲಿನಿಂದ ಕೆಳಗೆ ಬಿಡಿಸುವುದರಿಂದ ಆ ಸಾಲು ಆಗಲೇ ಮುಗಿದಿರುತ್ತದೆ, ಚುಕ್ಕೆ ಉಳಿದುಬಿಡುತ್ತದೆ. ಪರಿಹಾರ: ಹಾಲ್ಟ್ (ಇಂಟರಪ್ಟ್‌ಗೆ ಕಾಯುವ ಆದೇಶ), ಕೂಡಲೇ ಡಿಐ (ಇಂಟರಪ್ಟ್ ತಡೆಯುವ ಆದೇಶ), ಎಸ್‌ಪಿಯನ್ನು ಮೆಮೊರಿಯಲ್ಲಿ ಉಳಿಸಿ, ರಸ್ತೆ ಪೂರ್ತಿ ಬಿಡಿಸಿ, ಎಸ್‌ಪಿ ವಾಪಸ್ ತಂದು, ಆಮೇಲೆ ಇಐ (ತಡೆ ತೆಗೆಯುವ ಆದೇಶ). ಕೋಷ್ಟಕವನ್ನು ಪಾಪ್ (ಪುಶ್‌ನ ತಿರುಗುಮುರುಗು) ಮಾಡಿ ಓದುತ್ತಿದ್ದರೂ ಇದೇ ನಿಯಮ. ಅಲ್ಲಿ ಇಂಟರಪ್ಟ್ ಬಂದರೆ ಕೋಷ್ಟಕವೇ ಕೆಡುತ್ತದೆ, ಅದು ಚುಕ್ಕೆಗಿಂತ ಹುಡುಕಲು ಕಷ್ಟ.

ಸಮಯದ ಲೆಕ್ಕ ನೋಡಿ. 48ಕೆ ಯಂತ್ರದಲ್ಲಿ ಒಂದು ಫ್ರೇಮ್ 69,888 ಟಿ-ಸ್ಟೇಟ್ (ಪ್ರೊಸೆಸರ್ ಗಡಿಯಾರದ ಮಿಡಿತ). ರಸ್ತೆ ಪರದೆಯ ಕೆಳಗಿನ 80 ಗೆರೆ ಎಂದುಕೊಳ್ಳಿ: 80 ಸಲ 32, ಅಂದರೆ 2,560 ಬೈಟ್. ಎಲ್‌ಡಿಐಆರ್ ಬೈಟಿಗೆ 21, ಒಟ್ಟು 53,760. ಫ್ರೇಮಿನ ಮುಕ್ಕಾಲು ಪಾಲು ಹೋಯಿತು. ಪುಶ್ ಎರಡು ಬೈಟಿಗೆ 11, ಒಟ್ಟು 14,080. ಗೆರೆ ಬದಲಿಸುವ ಖರ್ಚು ಬೇರೆ. ಇದಕ್ಕೆ ಮೆಮೊರಿ ತಡೆಯನ್ನೂ ಸೇರಿಸಿ: ಯುಎಲ್‌ಎ ಚಿಪ್ ಪರದೆ ಬಿಡಿಸುವಾಗ 16384ರಿಂದ 32767ರವರೆಗಿನ ರ್‍ಯಾಮ್ ಮುಟ್ಟಿದರೆ ಪ್ರೊಸೆಸರ್ ಕಾಯಬೇಕು. ಸ್ಕ್ರೀನ್ ಅಲ್ಲೇ ಇರುವುದರಿಂದ ಅದನ್ನು ತಪ್ಪಿಸಲಾಗದು, ಆದರೆ ಕೋಡ್ ಮತ್ತು ಕೋಷ್ಟಕಗಳನ್ನು 32768ರ ಮೇಲೆ ಇಡಿ. ಕೋಡ್ ಕೆಳಗಿದ್ದರೆ ಪ್ರತಿ ಆದೇಶಕ್ಕೂ ದಂಡ ಕಟ್ಟುತ್ತೀರಿ.

ಇಂಟರಪ್ಟ್ ಆದ ಮೇಲೆ ಪರದೆಯ ಮೊದಲ ಗೆರೆ ಶುರುವಾಗಲು 14,336 ಟಿ-ಸ್ಟೇಟ್ ಇದೆ, ಅಂದರೆ 224ರಂತೆ 64 ಗೆರೆ. ನಿಮ್ಮ ರಸ್ತೆ 112ನೇ ಗೆರೆಯಿಂದ. ಇನ್ನೂ 25,088 ಸೇರಿ ಒಟ್ಟು 39,424. ಹಾಲ್ಟ್ ಆದ ಕೂಡಲೇ ಬಿಡಿಸಲು ಹೊರಟರೆ ಪರದೆ ಬಿಡಿಸುವ ಟಿವಿ ಕಿರಣ ರಸ್ತೆಗೆ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ, ಚಿತ್ರ ಹರಿಯುವುದಿಲ್ಲ. ಕಾರುಗಳ ಲೆಕ್ಕ, ಸದ್ದು, ಕೀಲಿ ಓದುವುದು ಎಲ್ಲ ಆಮೇಲೆ. ಎರಡು ಫ್ರೇಮಿಗೊಮ್ಮೆ ಬಿಡಿಸಿ ಸೆಕೆಂಡಿಗೆ 25 ಚಿತ್ರ ಹಿಡಿದರೆ ಸಾಕಷ್ಟು ಉಸಿರಾಟಕ್ಕೆ ಜಾಗ ಸಿಗುತ್ತದೆ.

ಈಗ ಪಟ್ಟೆ. ದಿಗಂತದಿಂದ ಕೆಳಕ್ಕೆ ಗೆರೆಗಳನ್ನು 1ರಿಂದ 80ರವರೆಗೆ ಎಣಿಸಿ. ಪ್ರತಿ ಗೆರೆಯ ದೂರ ಒಂದು ಸ್ಥಿರಾಂಕವನ್ನು ಗೆರೆಯ ಸಂಖ್ಯೆಯಿಂದ ಭಾಗಿಸಿದಷ್ಟು. ಸ್ಥಿರಾಂಕ 2560 ಇಟ್ಟರೆ ಮೊದಲ ಗೆರೆ 2560, ಹತ್ತನೆಯದು 256, ಎಂಬತ್ತನೆಯದು 32. ಈ ಕೋಷ್ಟಕ ಒಮ್ಮೆ ಮಾಡಿಟ್ಟರೆ ಮುಗಿಯಿತು, ಆಟದೊಳಗೆ ಭಾಗಾಕಾರ ಬೇಡ. ಕಾರು ಎಷ್ಟು ದೂರ ಬಂದಿದೆ ಅನ್ನುವುದನ್ನು ಆ ದೂರಕ್ಕೆ ಕೂಡಿಸಿ, ಮೊತ್ತದಲ್ಲಿ 32ರ ಬಿಟ್ ನೋಡಿ: ಒಂದಿದ್ದರೆ ಗಾಢ ಪಟ್ಟೆ, ಸೊನ್ನೆಯಿದ್ದರೆ ತಿಳಿ ಪಟ್ಟೆ. ಕಾರು ಮುಂದೆ ಹೋದಂತೆ ಪಟ್ಟೆಗಳು ತಾವಾಗಿಯೇ ಹತ್ತಿರ ಬರುತ್ತವೆ.

ಮಿಣುಕುವುದು ಯಾಕೆ? ಮೊದಲ ಗೆರೆಗೂ ಎರಡನೆಯದಕ್ಕೂ ನಡುವಿನ ಅಂತರ 1280, ಅಷ್ಟರಲ್ಲಿ 40 ಪಟ್ಟೆ ಕಳೆದುಹೋಗುತ್ತವೆ. ಗೆರೆಗೆ ಯಾವ ಬಣ್ಣ ಸಿಗುತ್ತದೆ ಅನ್ನುವುದು ಲಾಟರಿ. 8 ಮತ್ತು 9ರ ನಡುವೆ ಅಂತರ 36. 9 ಮತ್ತು 10ರ ನಡುವೆ 28. ಪಟ್ಟೆಯ ಉದ್ದ 32 ಆದ್ದರಿಂದ ಮೇಲಿನ ಒಂಬತ್ತು ಗೆರೆಗೆ ಪಟ್ಟೆಯೇ ಬೇಡ, ಒಂದೇ ಬಣ್ಣ ಹಾಕಿ.

ತಿರುವಿಗೆ ತ್ರಿಕೋನಮಿತಿ ಬೇಕಿಲ್ಲ. ಕೆಳಗಿನ ಗೆರೆಯಿಂದ ಮೇಲಕ್ಕೆ ಬನ್ನಿ. ರಸ್ತೆಯ ನಡುಬಿಂದುವಿಗೆ ಪ್ರತಿ ಗೆರೆಯಲ್ಲೂ ಒಂದು ಓರೆಯನ್ನು ಕೂಡಿಸಿ, ಆ ಓರೆಗೆ ತಿರುವಿನ ಬೆಲೆಯನ್ನು ಕೂಡಿಸಿ. ಎರಡು ಕೂಡುವಿಕೆ, ಅಷ್ಟೆ. ಓರೆಯನ್ನು 16 ಬಿಟ್‌ನಲ್ಲಿ ಇಟ್ಟು ಕೆಳಗಿನ 8 ಬಿಟ್ ಭಿನ್ನರಾಶಿಗೆ ಬಿಡಿ. ಇಲ್ಲದಿದ್ದರೆ ಸಣ್ಣ ತಿರುವು ಸಿಗುವುದೇ ಇಲ್ಲ, ನೇರ ಇಲ್ಲವೇ ಕಡಿದಾದ ತಿರುವು ಎರಡೇ ಆಗುತ್ತದೆ. ತಿರುವಿನ ಬೆಲೆಯನ್ನು ಒಮ್ಮೆಲೇ ಬದಲಿಸಬೇಡಿ, ಪ್ರತಿ ಚಿತ್ರಕ್ಕೂ ಸ್ವಲ್ಪ ಸ್ವಲ್ಪ ಏರಿಸಿ.

ಬಣ್ಣದ ಆಸೆ ಬಿಡಿ. ಸ್ಪೆಕ್ಟ್ರಮ್‌ನಲ್ಲಿ 8 ಸಲ 8ರ ಚೌಕಕ್ಕೆ ಎರಡೇ ಬಣ್ಣ. ಹುಲ್ಲು, ರಸ್ತೆ, ಕೆಂಪು ಬಿಳಿ ಅಂಚು ಮೂರೂ ಒಂದೇ ಚೌಕದಲ್ಲಿ ಕೂಡುವ ಜಾಗ ಪ್ರತಿ ತಿರುವಿನಲ್ಲೂ ಬರುತ್ತದೆ, ಅಲ್ಲಿ ಬಣ್ಣ ಚೌಕಚೌಕವಾಗಿ ಸೋರುತ್ತದೆ. ಚೇಸ್ ಎಚ್‌ಕ್ಯೂ, ಎಂಡ್ಯೂರೋ ರೇಸರ್ ಎರಡೂ ರಸ್ತೆಯ ಭಾಗಕ್ಕೆ ಒಂದೇ ಬಣ್ಣದ ಜೋಡಿ ಹಿಡಿದು, ಚುಕ್ಕೆಗಳ ವಿನ್ಯಾಸದಲ್ಲೇ ಛಾಯೆ ತೋರಿಸಿದವು. ಅದು ಸರಿಯಾದ ತೀರ್ಮಾನ. ಬಣ್ಣದ 768 ಬೈಟ್ ಒಮ್ಮೆ ಬರೆದು ಆಮೇಲೆ ಮುಟ್ಟದೆ ಇರಬಹುದು.

ಕಮೋಡೋರ್‌ನಲ್ಲಿ ಕಥೆ ಬೇರೆ. ಅಲ್ಲಿ 53281ನೇ ವಿಳಾಸದಲ್ಲಿ ಹಿನ್ನೆಲೆಯ ಬಣ್ಣವನ್ನು ಗೆರೆಗೆರೆಗೂ ಬದಲಿಸಬಹುದು, ಹುಲ್ಲಿನ ಪಟ್ಟೆ ಪುಕ್ಕಟೆ. ಆದರೆ ಪ್ರತಿ ಗೆರೆಗೂ ಇಂಟರಪ್ಟ್ ಕೇಳಬೇಡಿ, ಗೆರೆಗೆ 63 ಸೈಕಲ್ ಮಾತ್ರ, ಎಂಟು ಗೆರೆಗೊಮ್ಮೆ ಪರದೆ ಬಿಡಿಸುವ ವಿಐಸಿ ಚಿಪ್ ಅದರಲ್ಲಿ 40ಕ್ಕೂ ಹೆಚ್ಚು ತಾನೇ ತೆಗೆದುಕೊಳ್ಳುತ್ತದೆ. ದಿಗಂತದಲ್ಲಿ ಒಂದೇ ಇಂಟರಪ್ಟ್ ತೆಗೆದುಕೊಂಡು, ಅಲ್ಲಿಂದ 53266 (ಈಗ ಬಿಡಿಸುತ್ತಿರುವ ಗೆರೆಯ ಸಂಖ್ಯೆ) ಓದುತ್ತಾ ಲೂಪಿನಲ್ಲೇ ಕೆಳಗಿಳಿಯಿರಿ. ಬಣ್ಣ ಬದಲಾವಣೆ ಬಾರ್ಡರಿನೊಳಗೆ ಆಗಬೇಕು. ಒಂದು ಸೈಕಲ್ ಅಂದರೆ ಎಂಟು ಪಿಕ್ಸೆಲ್, ಸ್ವಲ್ಪ ತಡವಾದರೂ ಪಟ್ಟೆಯ ತುದಿ ನಡುಗುವುದು ಕಾಣುತ್ತದೆ. ಕಾರುಗಳು ಸ್ಪ್ರೈಟ್ (ಚಿಪ್ಪೇ ಹಿನ್ನೆಲೆಯ ಮೇಲೆ ತೋರಿಸುವ ಚಿಕ್ಕ ಚಿತ್ರ) ಆಗಿರುತ್ತವೆ. ಅಡ್ಡ ಸ್ಥಾನ 255 ದಾಟಿದಾಗ 53264ರಲ್ಲಿ ಒಂಬತ್ತನೇ ಬಿಟ್ ಹಾಕದಿದ್ದರೆ ಬಲಗಡೆಯ ಕಾರು ಥಟ್ಟನೆ ಎಡಗಡೆ ಪ್ರತ್ಯಕ್ಷವಾಗುತ್ತದೆ.

---

ನಾಲ್ಕನೇ_ಗೇರ್:

ತುಂಬಾ ಧನ್ಯವಾದ, ಮೂವರಿಗೂ. ಡಿಐ ಹಾಕಿದ ಮೇಲೆ ಚುಕ್ಕೆ ಹೋಯಿತು, ದಿಗಂತವೂ ಶಾಂತ. ಈಗ ಎರಡು ಹೊಸ ತೊಡಕು. ವೇಗ ಹೆಚ್ಚಿಸಿದಾಗ ಪಟ್ಟೆಗಳು ಹಿಂದಕ್ಕೆ ಹೋದಂತೆ ಕಾಣುತ್ತವೆ. ಮತ್ತೆ ಕೆಂಪ್‌ಸ್ಟನ್ (ಸ್ಪೆಕ್ಟ್ರಮ್‌ಗೆ ಜಾಯ್‌ಸ್ಟಿಕ್ ಜೋಡಿಸುವ ಇಂಟರ್‌ಫೇಸ್) ಜಾಯ್‌ಸ್ಟಿಕ್ ಓದುವ ಕೋಡ್ ಸೇರಿಸಿದರೆ, ಏನೂ ಮುಟ್ಟದಿದ್ದರೂ ಕಾರು ತಾನಾಗಿ ಪಕ್ಕಕ್ಕೆ ಎಳೆಯುತ್ತದೆ.

---

ಟಿ_ಸ್ಟೇಟ್:

ಪಟ್ಟೆ: ಗಾಢ 32, ತಿಳಿ 32, ಒಂದು ಆವರ್ತ 64. ಒಂದು ಚಿತ್ರದಿಂದ ಮುಂದಿನದಕ್ಕೆ 32ಕ್ಕಿಂತ ಹೆಚ್ಚು ಮುಂದೆ ಹೋದರೆ ಕಣ್ಣಿಗೆ ಪಟ್ಟೆ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಗರಿಷ್ಠ ವೇಗ ಚಿತ್ರಕ್ಕೆ 24ರ ಆಸುಪಾಸು ಇರಲಿ. ಇನ್ನೂ ವೇಗ ಬೇಕೇ? 32ರ ಬದಲು 64ರ ಬಿಟ್ ನೋಡಿ. ಪಟ್ಟೆ ಉದ್ದವಾಗುತ್ತದೆ, ಮಿತಿ 64ಕ್ಕೆ ಏರುತ್ತದೆ, ಮೇಲಿನ ಆರೇಳು ಗೆರೆ ಮಾತ್ರ ಪಟ್ಟೆಯಿಲ್ಲದೆ ಬಿಟ್ಟರೆ ಸಾಕಾಗುತ್ತದೆ. ವೇಗದ ಭಾವನೆ ಪಟ್ಟೆಗಿಂತ ಹೆಚ್ಚಾಗಿ ರಸ್ತೆಬದಿಯ ಕಂಬ, ಮರಗಳಿಂದ ಬರುತ್ತದೆ. ಅವುಗಳ ದೂರವೂ ಇದೇ ಕೋಷ್ಟಕದಿಂದ ತೆಗೆಯಿರಿ.

ಜಾಯ್‌ಸ್ಟಿಕ್: ಕೆಂಪ್‌ಸ್ಟನ್ 31ನೇ ಪೋರ್ಟ್. ಬಿಟ್ 0 ಬಲ, 1 ಎಡ, 2 ಕೆಳಗೆ, 3 ಮೇಲೆ, 4 ಫೈರ್, ಒತ್ತಿದರೆ ಒಂದು. ಫ್ಯೂಸ್‌ನಲ್ಲಿ ಆ ಇಂಟರ್‌ಫೇಸ್ ಹಾಕಿಲ್ಲದಿದ್ದರೆ ಪೋರ್ಟಿನಲ್ಲಿ ಯಾರೂ ಉತ್ತರ ಕೊಡುವವರಿಲ್ಲ, ಸಿಕ್ಕ ಬೆಲೆ ಬರುತ್ತದೆ. ಪೆರಿಫೆರಲ್ಸ್ ಮೆನುವಿನಲ್ಲಿ ಹಾಕಿ. ನಿಮ್ಮ ಕೋಡಿನಲ್ಲೂ ಒಂದು ರಕ್ಷಣೆ ಇರಲಿ: ಎಡ ಬಲ ಎರಡೂ ಒಟ್ಟಿಗೆ ಒಂದಿದ್ದರೆ ಆ ಓದನ್ನು ಬಿಟ್ಟುಬಿಡಿ. ನಿಜವಾದ ಜಾಯ್‌ಸ್ಟಿಕ್ ಹಾಗೆ ಕೊಡಲಾರದು.

---

ಧಾರವಾಡ_ಡಿಬಿ:

ಎಮ್ಯುಲೇಟರ್ ಮುಗಿಸಿ ಖರೇ ಯಂತ್ರದ ಕಡೆ ಹೊಂಟವರಿಗೆ ನಾಲ್ಕು ಮಾತು ಹೇಳ್ತೇನ್ರಿ. ನಮ್ಮ ದೇಶದಾಗ 1986ರಿಂದ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್‌ನವರು ಸಿಂಕ್ಲೇರ್ ಪರವಾನಗಿ ತಗೊಂಡು ಡಿಬಿ ಸ್ಪೆಕ್ಟ್ರಮ್ ಪ್ಲಸ್ ಮಾಡಿ ಮಾರ್‍ಯಾರ. ಹಳೇ ಸಾಮಾನಿನ ಅಂಗಡ್ಯಾಗ, ಮನಿ ಅಟ್ಟದ ಮ್ಯಾಲ ಇನ್ನೂ ಸಿಗ್ತಾವು.

ಸಿಕ್ಕ ಕೂಡ್ಲೇ ಪವರ್ ಹಚ್ಚಬ್ಯಾಡ್ರಿ. ಸ್ಪೆಕ್ಟ್ರಮ್‌ಗೆ 9 ವೋಲ್ಟ್ ಡಿಸಿ ಬೇಕು, ಪ್ಲಗ್ಗಿನ ನಡುವಿನ ತುದಿ ನೆಗೆಟಿವ್. ಈಗಿನ ಅಡಾಪ್ಟರ್ ಬಹುತೇಕ ನಡುವ ಪಾಸಿಟಿವ್ ಇರ್ತಾವು, ಹಂಗ ಹಚ್ಚಿದ್ರ ಯಂತ್ರ ಹೋತು ಅಂತನ ತಿಳೀರಿ. ಮೀಟರ್ ಹಿಡಿದು ನೋಡಿ, ಆಮ್ಯಾಲ ಹಚ್ರಿ. ಒಳಗ 7805 ರೆಗ್ಯುಲೇಟರ್ ಐತಿ, ಅದು ಬಿಸಿ ಆಗೂದು ಸಹಜ. ಕೆಳಗಿನ 16ಕೆ ರ್‍ಯಾಮಿಗೆ 4116 ಚಿಪ್ ಹಾಕಿರ್ತಾರ. ಅವಕ್ಕ +5, +12, −5 ಮೂರೂ ವೋಲ್ಟೇಜ್ ಬೇಕು. −5 ಹೋಗಿ +12 ಉಳದ್ರ ಚಿಪ್ ಸುಡ್ತಾವು. ಪರದಿ ಮ್ಯಾಲ ಬರೇ ಚೌಕ, ಪಟ್ಟಿ ಕಂಡ್ರ ಆನ್ ಇಟ್ಕೊಂಡು ಕೂಡಬ್ಯಾಡ್ರಿ, ಆಫ್ ಮಾಡಿ ಮೂರೂ ವೋಲ್ಟೇಜ್ ಅಳೀರಿ. ಟಿಆರ್4 ಟ್ರಾನ್ಸಿಸ್ಟರ್ ಮೊದಲ ನೋಡ್ರಿ, ಸಾಮಾನ್ಯವಾಗಿ ಅದ ಹೋಗಿರ್ತದ. ಕಮೋಡೋರ್ 64 ಇದ್ರ ಅದರ ಹಳೇ ಪವರ್ ಇಟ್ಟಿಗಿ ಬಳಸೂದ ಬ್ಯಾಡ. ಕೆಟ್ಟಾಗ 5 ವೋಲ್ಟ್ ಏರಿ ರ್‍ಯಾಮ್ ತಿಂತದ, 5.25 ದಾಟಿದ್ರ ಕೈ ಬಿಡ್ರಿ. ಬಿಬಿಸಿ ಇದ್ರ ಪವರ್ ಸಪ್ಲೈದಾಗಿನ ಹಳೇ ರಿಫಾ ಕೆಪಾಸಿಟರ್ ಮೊದಲ ಬದಲಿಸ್ರಿ, ಅವು ಬಿರುಕು ಬಿಟ್ಟು ಹೊಗಿ ಬರ್ತದ.

ಕ್ಯಾಸೆಟ್ ಬದ್ಲಿ ಫೋನಿಂದ ಲೋಡ್ ಮಾಡಬಹುದು. ಟಿಝಡ್‌ಎಕ್ಸ್ (ಕ್ಯಾಸೆಟ್ಟಿನ ನಕಲು) ಫೈಲನ್ನ ವೇವ್ ಆಡಿಯೋ ಮಾಡ್ಕೊಳ್ರಿ, ಎಂಪಿ3 ಮಾಡಿದ್ರ ಅಂಚು ಮೆತ್ತಗಾಗ್ತದ. ಇಕ್ವಲೈಸರ್ ಬಂದ್ ಮಾಡ್ರಿ, ಫೋನ್ ಏರೋಪ್ಲೇನ್ ಮೋಡಿಗೆ ಹಾಕ್ರಿ. ಸ್ಪೆಕ್ಟ್ರಮ್‌ನ ಇಯರ್ ಸಾಕೆಟ್ ಮೋನೋ, ಅದಕ್ಕ ಸ್ಟೀರಿಯೋ ವೈರ್ ನೇರ ಸಿಕ್ಕಿಸಬ್ಯಾಡ್ರಿ, ನಡುವ ಮೋನೋ ಅಡಾಪ್ಟರ್ ಇರಲಿ. ದನಿ ಪೂರ್ತಿ ಏರಿಸಿ ಶುರು ಮಾಡಿ. ಬಾರ್ಡರ್‌ನಾಗ ಕೆಂಪು ತಿಳಿನೀಲಿ ಪಟ್ಟಿ ಬಂದ್ರ ಯಂತ್ರಕ್ಕ ದನಿ ಮುಟ್ಟೇತಿ, ನೀಲಿ ಹಳದಿ ಸಣ್ಣ ಪಟ್ಟಿ ಬಂದ್ರ ಡೇಟಾ ಹೊಂಟೈತಿ. ಕೆಂಪು ಪಟ್ಟಿನ ಬರಲಿಲ್ಲ ಅಂದ್ರ ದನಿ ಸಾಲದು. ಡೇಟಾ ನಡುವ ಟೇಪ್ ಲೋಡಿಂಗ್ ಎರರ್ ಬಂದ್ರ ದನಿ ಹೆಚ್ಚಾಗಿ ಒಡೀಲಿಕತ್ತೈತಿ, ಸ್ವಲ್ಪ ಇಳಿಸ್ರಿ. ಖರೇ ಕ್ಯಾಸೆಟ್ ಪ್ಲೇಯರ್ ಇದ್ರ ಹೆಡ್ ಬಾಜೂ ಇರೋ ಸಣ್ಣ ಸ್ಕ್ರೂನ ಟೇಪ್ ಓಡುವಾಗ ಎಂಟನೇ ಒಂದು ಸುತ್ತಿನಷ್ಟು ಆ ಕಡೆ ಈ ಕಡೆ ತಿರುಗಿಸಿ, ಕೀರಲು ದನಿ ಎಲ್ಲಿ ಅತೀ ಚೂಪಾಗಿ ಕೇಳ್ತದೋ ಅಲ್ಲಿ ನಿಲ್ಲಿಸ್ರಿ.

ರೇಸ್ ಆಡೂ ಮುಂದ ಕೀಬೋರ್ಡ್ ಮೆಂಬ್ರೇನ್ (ಕೀಲಿ ಕೆಳಗಿನ ತೆಳು ಹಾಳಿ) ಬದಲಿಸ್ರಿ. ಹಳೇದರ ಬಾಲ ಒಣಗಿ ಮುರೀತಾವು, ಮುರದ್ರ ಒಂದು ಸಾಲಿನ ಕೀಲಿ ಎಲ್ಲಾ ಒಮ್ಮೆಲೇ ಹೋಗ್ತಾವು. ಕೆಂಪ್‌ಸ್ಟನ್ ಇಂಟರ್‌ಫೇಸ್ ಹಿಂದಿನ ಎಡ್ಜ್ ಕನೆಕ್ಟರಿಗೆ ಹಚ್ಚುವಾಗ ಪವರ್ ಕಡ್ಡಾಯ ಆಫ್ ಇರಬೇಕು. ಆ ಕನೆಕ್ಟರನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಅರಿವಿಲೆ ಒರಸ್ರಿ. ಅಲ್ಲಿ ಕಿಲುಬು ಇದ್ರೂ ಕಾರು ತಾನ ಎಡಕ್ಕ ಬಲಕ್ಕ ಎಳೀತದ. ಕೋಡ್ ತಪ್ಪು ಅಂತ ಹುಡುಕೂ ಮೊದಲ ಇದನ್ನ ನೋಡ್ರಿ.